ಹೊಗೆಯಲ್ಲಿ ಬಂದ ಕಂಚು

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದೆ. ಎದುರು ಸೀಟಿನಲ್ಲಿ ಒಬ್ಬ ಓಟಗಾರ್ತಿ, ಪಕ್ಕದಲ್ಲಿ ಅವಳ ಸೋದರತ್ತೆ. ಉತ್ತರದ ಯಾವುದೋ ನಗರದ ಅಂತರರಾಷ್ಟ್ರೀಯ ಕ್ರೀಡಾಕೂಟದಲ್ಲಿ ಕಂಚು ಗೆದ್ದು ಹುಡುಗಿ ಊರಿಗೆ ಬರುತ್ತಿದ್ದಳು.

"ಪದಕ ಎಲ್ಲೇ ಅಂಬಿಕ? ಕೊರಳಿಗೆ ಆಕ್ಕೋ."

"ಬ್ಯಾಗಲ್ಲೇ ಇರ್ಲಿ ಬಿಡತ್ತೆ."

"ಯಾಕೆ? ಗೆದ್ದಿದ್ದೀಯಲ್ಲ!"

"ಗೆಲ್ಲಲಿಲ್ಲ ಅತ್ತೆ. ಕೊನೇ ಸುತ್ತಿನವರೆಗೂ ನಾನು ಐದನೆಯವಳು. ಮುಂದಿದ್ದ ಇಬ್ಬರು ಬಿದ್ದೋದ್ರು."

"ಕಾಲು ಎಡವಿದ್ರಾ?"

"ಉಸಿರು ಕಟ್ತು. ಚಳಿಗಾಲದಲ್ಲಿ ಆ ಊರೆಲ್ಲಾ ಹೊಗೆ. ಎದುರಿನ ಗ್ಯಾಲರೀನೇ ಕಾಣ್ತಿರಲಿಲ್ಲ."

"ಅಯ್ಯೋ ದೇವುಡಾ! ಅಂಥದ್ರಾಗೆ ಓಡ್ಸಿದ್ರಾ?"

"ಓಟ ಮುಂದಕ್ಕೆ ಹಾಕಿ ಅಂತ ಕೂಟ ನಡೆಸೋರನ್ನ ಕೇಳಿದ್ವಿ. ಏನೂ ಆಗಲ್ಲ, ಓಡಿ ಅಂದ್ರು."

"ಬಿದ್ದವರು?"

"ಒಬ್ಬಳು ಎದ್ದಳು. ಇನ್ನೊಬ್ಬಳು ಐಸಿಯುನಲ್ಲಿದಾಳೆ. ಹೊರದೇಶದವಳು, ನಾವಿಬ್ರೂ ಒಂದೇ ರೂಮಲ್ಲಿದ್ವಿ. ಬಿದ್ದಾಗ ನನ್ನ ಕಡೆ ಕೈ ಚಾಚಿದ್ಲು ಅತ್ತೆ. ನಾನು ದಾಟ್ಕೊಂಡು ಓಡ್ಬಿಟ್ಟೆ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಅಂಬಿಕ ಕೆಮ್ಮತೊಡಗಿದಳು. ಕೆಮ್ಮು ನಿಲ್ಲುವವರೆಗೂ ಅವರು ಅವಳ ಬೆನ್ನು ನೀವಿದರು.

"ನಿಮ್ಮ ತಾತ ನಂದಿದುರ್ಗ ಚಿನ್ನದ ಗಣಿಗೆ ಇಳ್ದು ಇಂಗೇ ಕೆಮ್ತಿದ್ರು. ನೀನು ಬಯಲಲ್ಲಿ ಓಡೋಳು ಕಣೇ!"



ಮಾರಿಕುಪ್ಪಂ ಬಂತು. ಹಾರ ಹಿಡಿದ ಜನ, ಜೋರು ತಮಟೆ.

"ನಂಗೆ ಇಳಿಯೋಕೆ ಆಗಲ್ಲ ಅತ್ತೆ."

"ನೀನು ನನ್ನ ಇಂದೆ ಬಾ. ತಮಟೆ ಬೇಡ ಅಂತ ಅವರಿಗೆ ನಾನು ಯೋಳ್ತೀನಿ."

ಅತ್ತೆ ಮೊದಲು ಇಳಿದು ಜನರ ನಡುವೆ ಹೋದರು. ಸ್ವಲ್ಪ ಹೊತ್ತಿಗೆ ತಮಟೆ ನಿಂತಿತು. ಆಮೇಲೆ ಅಂಬಿಕ ಬ್ಯಾಗೆತ್ತಿಕೊಂಡು ಇಳಿದಳು.