ಕೈ ಬೀಸದ ಮನೆ

ವೇದಿಕೆಯ ಮೇಲಿರುವ ರೈಲ್ವೆ ಕಂಪನಿಯ ಅಧ್ಯಕ್ಷರೇ, ಪಕ್ಕದಲ್ಲೇ ನೆಟ್ಟಗೆ ಕೂತಿರುವ ನಮ್ಮ ಮೇಯರ್ ಅವರೇ, ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿರುವ ಚಾಲಕ ಹಿಡಾಕಾ ಅವರೇ, ಶಾಲೆಯ ಈ ತಣ್ಣಗಿನ ವ್ಯಾಯಾಮ ಮಂದಿರದಲ್ಲಿ ಬೂಟು ಕಳಚಿ ಕಾಲು ಮುದುರಿ ಕೂತಿರುವ ನಮ್ಮ ಕಣಿವೆಯ ಸಭಿಕರೇ,

ನಾನು ಕುರೊಕಿ ಇಕುಯೊ. ವಯಸ್ಸು ಎಪ್ಪತ್ತನಾಲ್ಕು. ಇವಾಗುಚಿ ನಿಲ್ದಾಣದ ಪಕ್ಕದ ಮನೆಯವಳು. ನಿಲ್ದಾಣ ಎಂದೆ, ತಪ್ಪಾಯಿತು, ಈಗ ಅಲ್ಲಿ ಯಾವ ರೈಲೂ ನಿಲ್ಲುವುದಿಲ್ಲ. ಪುರಸಭೆಯವರು ನನಗಾಗಿ ಎರಡು ಪುಟದ ಭಾಷಣ ಬರೆದುಕೊಟ್ಟಿದ್ದಾರೆ. ಅದರಲ್ಲಿ ನಾನು ಬಹಳ ಒಳ್ಳೆಯ ಹೆಂಗಸು. ಓದುತ್ತಾ ಹೋದಂತೆ ನನಗೇ ಅವಳ ಮೇಲೆ ಗೌರವ ಬಂತು. ಆದರೆ ಅವಳು ನಾನಲ್ಲ, ಹಾಗಾಗಿ ಮಡಚಿ ಇಟ್ಟಿದ್ದೇನೆ. ಮೇಯರ್ ಅವರು ಗಾಬರಿಯಾಗಬಾರದು.

ನಮ್ಮ ‘ಅಕೆಬಿ’ ರೈಲಿನ ಬಗ್ಗೆ ಅಧ್ಯಕ್ಷರು ಬಹಳ ಚೆನ್ನಾಗಿ ಮಾತಾಡಿದರು. ನಿಜ, ಅದು ಎಲ್ಲಿಗೋ ತಲುಪಿಸುವ ರೈಲಲ್ಲ, ಹೋಗುವುದನ್ನೇ ಸವಿಯಲಿ ಎಂದು ಮಾಡಿದ ರೈಲು. ಕುರ್ಚಿಗಳೆಲ್ಲ ಕಿಟಕಿಯ ಕಡೆ ತಿರುಗಿವೆ. ಮಡಿಲಲ್ಲಿ ಊಟದ ಡಬ್ಬಿ. ಹೊಳೆ ಕಾಣಲಿ ಎಂದು ಸೇತುವೆಯ ಮೇಲೆ ನಿಧಾನ. ಹಳಿಯ ಪಕ್ಕದ ಮನೆಯವರು ಬಾವುಟ ಬೀಸುತ್ತಾರೆ, ಒಳಗಿನವರು ಕೈ ಬೀಸುತ್ತಾರೆ, ಚಾಲಕರು ಸೀಟಿ ಹಾಕುತ್ತಾರೆ. ಆರು ವರ್ಷದಿಂದ ಹೀಗೆ ನಡೆದಿದೆ. ನೀವೆಲ್ಲ ಬೀಸಿದ್ದೀರಿ. ನಾನು ಬೀಸಿದ್ದೇನೆಯೇ? ಒಂದು ದಿನವೂ ಇಲ್ಲ.

ಯಾಕೆ? ನನ್ನ ಗಂಡ ಶಿಗೆಮಿ ಈ ಹಳಿಯ ಮೇಲೆ ಮೂವತ್ತೊಂದು ವರ್ಷ ಸುತ್ತಿಗೆ ಹಿಡಿದವರು. ಕೊನೆಗೆ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಬೆಳಗಿನ ರೈಲು ಹತ್ತಿ ಪೇಟೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ‘ಅಕೆಬಿ’ ಬಂತು, ವೇಳಾಪಟ್ಟಿ ಬದಲಾಯಿತು, ಬೆಳಗಿನ ರೈಲು ಇವಾಗುಚಿಯಲ್ಲಿ ನಿಲ್ಲುವುದು ಬಿಟ್ಟಿತು. ಕಂಪನಿಯವರು ಮನೆಗೇ ಬಂದು, ಸೊಂಟ ಬಗ್ಗಿಸಿ ಹೇಳಿದರು: “ದಿನಕ್ಕೆ ನಾಲ್ಕೇ ಜನ ಹತ್ತೋದು, ದಯವಿಟ್ಟು ಅರ್ಥ ಮಾಡ್ಕೊಳ್ಳಿ.” ಶಿಗೆಮಿ ನಕ್ಕರು. “ಆ ನಾಲ್ಕರಲ್ಲಿ ನಾನೊಬ್ಬ ಕಣಪ್ಪ” ಎಂದರು. ಅಷ್ಟೇ. ಆಮೇಲೆ ಆಸ್ಪತ್ರೆಯ ಹಿಂದೆ ಒಂದು ಕೋಣೆ ಹಿಡಿದು ಅಲ್ಲೇ ಉಳಿದರು. ಭಾನುವಾರ ನೆರೆಯವರ ಕಾರಿನಲ್ಲಿ ನಾನು ಹೋಗಿ ಬರುತ್ತಿದ್ದೆ. ಅವರು ತೀರಿಹೋದದ್ದು ಬುಧವಾರ.

ಅದೇ ವಾರ ಒಬ್ಬ ಹುಡುಗ ಬಾವುಟ ಹಂಚುತ್ತಾ ಬಂದ. ಪಾಪ, ಅವನಿಗೇನು ಗೊತ್ತು? “ಅಜ್ಜಿ, ದಿನಾ ಒಂದು ನಿಮಿಷ ಬೀಸಿದ್ರೆ ಸಾಕು” ಎಂದ. “ನನಗೆ ಭುಜ ನೋವು” ಎಂದೆ. ಬಾವುಟದ ಜೊತೆ ಒಂದು ಚೀಟಿಯನ್ನೂ ಇಟ್ಟುಹೋದ. ಹಳಿಯ ಮೇಲೆ ಏನಾದರೂ ಬಿದ್ದರೆ ಫೋನ್ ಮಾಡಬೇಕಾದ ನಂಬರು ಅದರಲ್ಲಿತ್ತು. ಎರಡನ್ನೂ ಸ್ನಾನದ ಒಲೆಗೆ ಹಾಕಿದೆ. ಇದನ್ನು ಹೇಳಬೇಕು ಅಂದುಕೊಂಡಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು.

ಈಗ ಆ ದಿನಕ್ಕೆ ಬರುತ್ತೇನೆ. ನವೆಂಬರ್ ಒಂಬತ್ತು. ಮೂರು ದಿನ ಮಳೆ ಸುರಿದು ಅಂದು ಬಿಸಿಲು ಬಿದ್ದಿತ್ತು. ಜಗಲಿಯಲ್ಲಿ ಕೂತು, ಒಣಗಿಸಲು ಪರ್ಸಿಮನ್ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದೆ. ನೆಲ ನಡುಗಿತು. ತಲೆ ಎತ್ತಿದರೆ ಸುರಂಗದ ಬಾಯಿಯ ಮೇಲಿನ ಗುಡ್ಡ ಜಾರಿ, ಹಳಿಯ ಮೇಲೆ ನಮ್ಮ ಬಚ್ಚಲಿನಷ್ಟು ದೊಡ್ಡ ಬಂಡೆ ಕೂತಿದೆ. ಸೇತುವೆಯ ಕಡೆಯಿಂದ ಬರುವ ಚಾಲಕರಿಗೆ ತಿರುವಿನ ಮರೆಯಲ್ಲಿ ಅದು ಕಾಣುವುದಿಲ್ಲ.

ನನಗೆ ಏನನ್ನಿಸಿತು ಗೊತ್ತೇ? ಪುರಸಭೆಯವರ ಭಾಷಣದಲ್ಲಿ ‘ತಕ್ಷಣ ಓಡಿದೆ’ ಎಂದಿದೆ. ಇಲ್ಲ. ಖುಷಿಯಾಯಿತು. ಇನ್ನು ಈ ರೈಲು ಬರುವುದಿಲ್ಲ, ಪೀಡೆ ತೊಲಗಿತು ಎಂದು ಹಾಯಾಗಿ ಉಸಿರು ಬಿಟ್ಟೆ. ಕೈಯಲ್ಲಿದ್ದ ಹಣ್ಣಿನ ಸಿಪ್ಪೆಯನ್ನೂ ತೆಗೆದು ಮುಗಿಸಿದೆ. ಆಮೇಲೆ ಗಡಿಯಾರ ನೋಡಿದೆ. ಹನ್ನೊಂದು ಹದಿನಾಲ್ಕು. ‘ಅಕೆಬಿ’ ನಮ್ಮ ಮನೆಯ ಮುಂದೆ ಬರುವುದು ಹನ್ನೊಂದು ಇಪ್ಪತ್ತೆರಡಕ್ಕೆ.

ನಂಬರು ಎಲ್ಲಿದೆ? ಸುಟ್ಟಿದ್ದೇನೆ. ಬಾವುಟ ಎಲ್ಲಿದೆ? ಅದನ್ನೂ ಸುಟ್ಟಿದ್ದೇನೆ. ಪೊಲೀಸರಿಗೆ ಫೋನ್ ಮಾಡಿದೆ. “ಅಮ್ಮಾ, ನಿಧಾನವಾಗಿ ಹೇಳಿ, ಯಾವ ಸುರಂಗ?” ಎಂದರು. ಆ ಸುರಂಗದ ಹೆಸರು ನನಗೆ ಗೊತ್ತಿಲ್ಲ. ನಮಗದು ಸುರಂಗ, ಅಷ್ಟೇ. ಫೋನನ್ನು ಹಾಗೇ ಬಿಟ್ಟು, ಬಟ್ಟೆಯ ಮೇಲೆ ತೊಟ್ಟಿದ್ದ ಬಿಳಿ ಅಡುಗೆ ಅಂಗಿ ಬಿಚ್ಚಿಕೊಂಡು ಹಳಿಯ ಕಡೆ ಓಡಿದೆ.

ರೈಲು ಸೇತುವೆಯ ಮೇಲೆ ಬಂತು. ಎರಡೂ ಕೈಯಲ್ಲಿ ಅಂಗಿ ಹಿಡಿದು ಬೀಸಿದೆ. ಏನಾಯಿತು ಹೇಳಿ? ಒಳಗಿದ್ದ ನಲವತ್ತಮೂರು ಜನರೂ ನನಗೆ ಕೈ ಬೀಸಿದರು. ಮಕ್ಕಳು ಗಾಜಿಗೆ ಮೂಗು ಒತ್ತಿ ಬೀಸಿದರು. ಒಬ್ಬ ಮುದುಕರು ಬಿಯರ್ ಗ್ಲಾಸು ಎತ್ತಿದರು. ನಾನು “ನಿಲ್ಸಿ, ನಿಲ್ಸಿ” ಎಂದು ಕಿರುಚಿದಷ್ಟೂ ಅವರು ನಕ್ಕು ಇನ್ನೂ ಜೋರಾಗಿ ಬೀಸಿದರು. ಚಾಲಕರು ಸೀಟಿಯನ್ನೂ ಹಾಕಿದರು. ಆರು ವರ್ಷದಿಂದ ಇಡೀ ಕಣಿವೆ ಕೂಡಿ ಇವರಿಗೆ ಕಲಿಸಿದೆ, ಹಳಿಯ ಪಕ್ಕದಲ್ಲಿ ಯಾರಾದರೂ ಕೈ ಬೀಸಿದರೆ ಅದು ಸಂತೋಷಕ್ಕೆ ಎಂದು. ಈಗ ಇದು ಸಂತೋಷಕ್ಕಲ್ಲ ಎಂದರೆ ಯಾರು ನಂಬುತ್ತಾರೆ? ಮೊದಲ ಬೋಗಿ ನನ್ನನ್ನು ದಾಟಿತು. ಎರಡನೆಯದೂ ದಾಟಿತು. ನಾನು ಕಣ್ಣು ಮುಚ್ಚಿದೆ.

ಆಗ ಬ್ರೇಕಿನ ಕರ್ಕಶ ಸದ್ದು. ಬಂಡೆಗೂ ರೈಲಿಗೂ ನಡುವೆ ಎಂಬತ್ತೆರಡು ಹೆಜ್ಜೆ. ನಾನೇ ನಡೆದು ನೋಡಿದ್ದೇನೆ.

ಹಿಡಾಕಾ ಅವರು ಇಳಿದು ಬಂದರು. “ನಿಮಗೆ ಹೇಗಪ್ಪಾ ಗೊತ್ತಾಯ್ತು?” ಎಂದೆ. ಅವರು ಹೇಳಿದ್ದನ್ನು ಇದ್ದದ್ದು ಇದ್ದಹಾಗೇ ಹೇಳುತ್ತೇನೆ. “ಅಜ್ಜಿ, ಸೀಟಿ ಹಾಕಿದ್ಮೇಲೆ ಹೊಳೀತು. ಇದು ಶಿಗೆಮಿ ಅವರ ಮನೆ. ಈ ಮನೆಯವರು ಕೈ ಬೀಸಲ್ಲ. ನಿಮಗೆ ಸಿಟ್ಟಿದೆ ಅಂತ ಗೊತ್ತು, ಅದಕ್ಕೇ ಇಲ್ಲಿ ನಾನು ಯಾವತ್ತೂ ಸೀಟಿ ಹಾಕಲ್ಲ. ಅಂಥವರು ಬೀಸ್ತಿದಾರೆ ಅಂದ್ರೆ ಏನೋ ಆಗಿದೆ ಅನ್ನಿಸ್ತು.”

ಸಭಿಕರೇ, ನಾನು ಅಲ್ಲೇ ಕೂತು ಅತ್ತೆ. ಬಂಡೆಗೆ ಹೆದರಿ ಅಲ್ಲ. ನನ್ನ ಸಿಟ್ಟನ್ನು ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದೆ. ಒಬ್ಬರು ದಿನಾ ನೋಡುತ್ತಿದ್ದರು.

ಅಧ್ಯಕ್ಷರೇ, ನಿಮ್ಮ ಪ್ರಶಸ್ತಿಪತ್ರವನ್ನು ಹಿಡಾಕಾ ಅವರಿಗೆ ಕೊಡಿ. ಬೆಳಗಿನ ರೈಲು ಹತ್ತಬೇಕಾದವರು ಇವಾಗುಚಿಯಲ್ಲಿ ಇನ್ನೂ ಮೂವರಿದ್ದಾರೆ, ಅವರಿಗಾಗಿ ಆ ರೈಲನ್ನು ಅಲ್ಲಿ ಮತ್ತೆ ನಿಲ್ಲುವಂತೆ ಮಾಡಿ. ಹಿಂದಿನ ಸಲ ನೀವು ಸೊಂಟ ಬಗ್ಗಿಸಿದಿರಿ, ಈ ಸಲ ನಾನು ಬಗ್ಗಿಸಿ ಕೇಳುತ್ತಿದ್ದೇನೆ. ಇನ್ನು, ಕೈ ಬೀಸುವ ಸಂಘಕ್ಕೆ ನನ್ನನ್ನು ಮುಖ್ಯಸ್ಥೆ ಮಾಡಿ ಈ ಕೆಂಪು ಅಂಗಿ ತೊಡಿಸಿದ್ದೀರಿ. ಬೆಚ್ಚಗಿದೆ. ಆದರೂ ಕಳಚಿ ಇಲ್ಲೇ ಮೇಜಿನ ಮೇಲೆ ಇಡುತ್ತೇನೆ. ಸಿಟ್ಟಿನಿಂದಲ್ಲ. ಆ ಗುಡ್ಡದಲ್ಲಿ ಇನ್ನೂ ಬಂಡೆಗಳಿವೆ. ನಾನೂ ದಿನಾ ಕೈ ಬೀಸಲು ಶುರುಮಾಡಿದರೆ, ಮುಂದಿನ ಸಲ ಹಿಡಾಕಾ ಅವರಿಗೆ ಗೊತ್ತಾಗುವುದು ಹೇಗೆ?

ಇಷ್ಟು ಹೊತ್ತು ಚಳಿಯಲ್ಲಿ ಕೂತು ಕೇಳಿದ ನಿಮ್ಮೆಲ್ಲರ ಉಪಕಾರ ದೊಡ್ಡದು. ನಮಸ್ಕಾರ.