ಕತ್ತರಿ ಕಾಣದ ಹಾರ

ಈ ಹಾರ ಇಲ್ಲೇ ಮೇಜಿನ ಮೇಲೆ ಇರಲಿ. ತಂದವರು ಬೇಸರ ಮಾಡಿಕೊಳ್ಳಬೇಡಿ. ಎಂಥ ದಪ್ಪ ಹಾರ ನೋಡಿ, ಸೇವಂತಿಗೆ, ಚೆಂಡುಹೂವು, ನಡುನಡುವೆ ಚಿನ್ನದ ಬಣ್ಣದ ಜರಿ. ಇದನ್ನು ನಾನು ಯಾಕೆ ಕೊರಳಿಗೆ ಹಾಕಿಸಿಕೊಳ್ಳಲಿಲ್ಲ ಎಂದು ಮುಂದಿನ ಸಾಲಿನವರು ಆಗಲೇ ಪಿಸುಗುಟ್ಟುತ್ತಿದ್ದಾರೆ. ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಕಥೆ. ಭಕ್ತಿ ಎಂದರೇನು ಎಂದು ಇಷ್ಟು ಹೊತ್ತು ಮಾತಾಡಿದೆ, ನೀವು ತಲೆಯಾಡಿಸಿದಿರಿ, ಇಬ್ಬರು ಚೆನ್ನಾಗಿ ತೂಕಡಿಸಿದಿರಿ. ಕಥೆ ಎಂದ ಕೂಡಲೇ ಎಲ್ಲರಿಗೂ ಎಚ್ಚರವಾಯಿತು.

ಎಣ್ಣೆ ಗಿರಣಿಗಳ ಒಂದು ಊರು. ನಮ್ಮೂರಿನ ಹಾಗೇ ಇದೆಯಲ್ಲ ಎನ್ನಬೇಡಿ, ಇದು ಕಥೆಯ ಊರು. ಅಲ್ಲೊಬ್ಬ ಶ್ರೀಮಂತ. ಮೂರು ಗಿರಣಿ, ಎರಡು ಮಹಡಿಯ ಮನೆ, ತೇಗದ ಬಾಗಿಲು. ಆ ಮನೆಯಲ್ಲಿ ಏನಿರಲಿಲ್ಲ? ಎಲ್ಲವೂ ಇತ್ತು. ಹಾಗಿದ್ದೂ ಒಂದು ದಿನ ಅವನಿಗೆ ಯಾವ ಅಂಗಡಿಯಲ್ಲೂ ಸಿಗದ ಒಂದು ವಸ್ತುವಿನ ಮೇಲೆ ಆಸೆ ಹುಟ್ಟಿತು.

ಏನದು? ಒಂದು ತಗಡಿನ ಫಲಕ. ಆ ಊರಿನ ನಗರಸಭೆಯವರು ಮನೆಮನೆಗೂ ಹಸಿರು ಬಕೆಟ್ ಕೊಟ್ಟರು. ಅಡುಗೆಮನೆಯ ಹಸಿ ಕಸ ಅದರಲ್ಲಿ, ಉಳಿದದ್ದು ಬೇರೆ. ಬೆಳಿಗ್ಗೆ ಗಾಡಿ ಹಾಡು ಹಾಕಿಕೊಂಡು ಬಾಗಿಲಿಗೇ ಬರುತ್ತದೆ. ಹಸಿ ಕಸ ಕೆರೆಯ ಹಿಂದಿನ ಶೆಡ್ಡಿಗೆ ಹೋಗಿ ಗೊಬ್ಬರವಾಗುತ್ತದೆ. ತೊಂಬತ್ತು ದಿನ, ಒಂದು ದಿನವೂ ತಪ್ಪದೆ, ಸರಿಯಾಗಿ ಬೇರೆ ಮಾಡಿ ಕೊಟ್ಟ ಮನೆಯ ಗೇಟಿಗೆ ‘ಮಾದರಿ ಮನೆ’ ಎಂದು ಹಸಿರು ಫಲಕ ಹೊಡೆಯುತ್ತಾರೆ. ನಮ್ಮ ಶ್ರೀಮಂತನಿಗೆ ಅದು ಬೇಕಾಯಿತು.

ಅಲ್ಲಿಯವರೆಗೆ ಮನೆಯ ಕಸದ ಡಬ್ಬಿ ಯಾವ ಮೂಲೆಯಲ್ಲಿದೆ ಎಂದೇ ಗೊತ್ತಿಲ್ಲದ ಮನುಷ್ಯ. ಈಗ ಸ್ನಾನ ಮಾಡಿ, ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಕೆಟ್ಟಿನ ಮುಂದೆ ಹಾಜರು. ನುಗ್ಗೆಕಾಯಿಯ ನಾರು, ಚಹಾದ ಚರಟ, ಹಿಂಡಿದ ನಿಂಬೆ ಹೋಳು, ಹಳಸಿದ ಅನ್ನ, ಎಲ್ಲ ಸರಿ. ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್ ಒಂದು ಕಣ್ಣಿಗೆ ಬಿದ್ದರೆ ಸಾಕು, ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಣೆ. ಅವನ ಹೆಂಡತಿ ಹೇಳಿದಳಂತೆ, ಮೂವತ್ತು ವರ್ಷದಿಂದ ಮಾಡಿ ಬಡಿಸಿದ ಅಡುಗೆಯನ್ನು ಒಂದು ದಿನವೂ ಇಷ್ಟು ಗಮನವಿಟ್ಟು ನೋಡಲಿಲ್ಲ, ಅದರ ಸಿಪ್ಪೆಯನ್ನು ಹೀಗೆ ನೋಡುತ್ತಿದ್ದೀರಲ್ಲ ಎಂದು. ನಗುತ್ತೀರಿ. ನಗಿ, ಪರವಾಗಿಲ್ಲ. ಆದರೆ ಆ ಮನುಷ್ಯನ ಹೆಮ್ಮೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ತನ್ನ ಮನೆಯ ಕಸಕ್ಕೆ ತಾನೇ ಹೊಣೆ ಎಂದು ಕೂತವನು ಅವನು. ನಿಮ್ಮಲ್ಲಿ ಎಷ್ಟು ಜನ ಗಂಡಸರು ಈ ವಾರ ಬಕೆಟ್ಟಿನ ಮುಚ್ಚಳ ತೆಗೆದಿದ್ದೀರಿ? ಕೈ ಎತ್ತಿ. ಮೂರು. ಸಂತೋಷ.

ಆ ಗಾಡಿಯ ಜೊತೆ ಒಬ್ಬ ಹೆಂಗಸು ಬರುತ್ತಿದ್ದಳು. ಹದಿನೆಂಟು ವರ್ಷ ಊರಿನ ಚರಂಡಿಗೆ ಕೈ ಹಾಕಿ ದುಡಿದವಳು. ಈಗ ಅವಳೂ ಇನ್ನು ಏಳು ಜನ ಹೆಂಗಸರೂ ಸೇರಿ ಶೆಡ್ಡು ನೋಡಿಕೊಳ್ಳುತ್ತಿದ್ದರು. ಪ್ರತಿ ಮನೆಯ ಮುಂದೆ ಕೋಲಿನಿಂದ ಬಕೆಟ್ ಕೆದಕಿ, ಪಟ್ಟಿಯಲ್ಲಿ ಸರಿ ಅಥವಾ ತಪ್ಪು ಎಂದು ಗುರುತು ಹಾಕುವವಳು ಇವಳೇ. ನಗರಸಭೆಯವರು ಇವರಿಗೊಂದು ಮಾತು ಹೇಳಿದ್ದರು. ಮೊದಲ ರಾಶಿ ಗೊಬ್ಬರ ಪರೀಕ್ಷೆಯಲ್ಲಿ ಪಾಸಾದರೆ ಶೆಡ್ಡು ಕಾಯಂ ಆಗಿ ನಿಮ್ಮ ಕೈಗೆ. ಅದರಲ್ಲಿ ಪ್ಲಾಸ್ಟಿಕ್ ಸಿಕ್ಕಿದರೆ ಶೆಡ್ಡಿಗೆ ಬೀಗ, ಎಂಟು ಜನವೂ ಮತ್ತೆ ಚರಂಡಿಗೆ. ಕೇಳಿಸಿತಾ? ಮತ್ತೆ ಚರಂಡಿಗೆ. ಅವಳು ದಿನಾ ಆ ರಾಶಿಗೆ ಮೊಳಕೈವರೆಗೆ ಕೈ ತೂರಿಸಿ ಬಿಸಿ ನೋಡುತ್ತಿದ್ದಳು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಶ್ರೀಮಂತನಿಗೆ ಫಲಕದ ಹೆಮ್ಮೆ, ಇವಳಿಗೆ ರಾಶಿಯ ಹೆಮ್ಮೆ.

ದಿನ ಎಂಬತ್ತಮೂರು. ಎಲ್ಲ ಸರಿ, ಸರಿ, ಸರಿ. ಆವತ್ತು ಸಂಜೆ ಶ್ರೀಮಂತನ ಮನೆಯಲ್ಲಿ ಗುರುಗಳ ಪಾದಪೂಜೆ. ಒಬ್ಬ ಸ್ವಾಮಿ ಬಂದ. ಸ್ವಾಮಿಗೆ ಏಕವಚನವೇ ಎಂದು ಹುಬ್ಬೇರಿಸಬೇಡಿ ಅಜ್ಜಾರೇ, ಕಥೆಯೊಳಗೆ ಎಲ್ಲರೂ ಒಂದೇ. ಬಂದವರೆಲ್ಲ ಅವನಿಗೆ ಹಾರ ಹಾಕಿದರು. ಕೊರಳು ಮುಚ್ಚಿತು, ಗಡ್ಡ ಮುಚ್ಚಿತು, ಕೊನೆಗೆ ಕಣ್ಣೆರಡು ಮಾತ್ರ ಕಾಣುತ್ತಿದ್ದವು. ಬೇಡ ಬೇಡ ಎಂದು ಬಾಯಲ್ಲಿ ಹೇಳುತ್ತಿದ್ದ. ಒಳಗೊಳಗೆ ಎಷ್ಟಾಯಿತು ಎಂದು ಎಣಿಸುತ್ತಿದ್ದ. ಅರವತ್ತೆರಡು. ನನಗೆ ಹೇಗೆ ಗೊತ್ತು ಎಂದು ಈಗ ಕೇಳಬೇಡಿ.

ಮೊದಲು ನಮ್ಮವರು ಹೂವನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಹೂವಿನ ಜೊತೆ ನಾರೂ ಮಣ್ಣಾಗುತ್ತಿತ್ತು. ಈಗಿನ ಹಾರಕ್ಕೆಲ್ಲ ನೈಲಾನ್ ದಾರ, ಮೇಲೆ ಪ್ಲಾಸ್ಟಿಕ್ ಜರಿ. ಶ್ರೀಮಂತನಿಗೆ ಅದು ಗೊತ್ತಿರಲಿಲ್ಲವೇ? ರಬ್ಬರ್ ಬ್ಯಾಂಡಿಗೆ ಮನೆ ತಲೆಕೆಳಗು ಮಾಡಿದವನಿಗೆ ದಾರ ಕಾಣಲಿಲ್ಲವೇ? ಕಂಡಿತು. ಮರುದಿನ ಬೆಳಿಗ್ಗೆ ಕತ್ತರಿಯನ್ನೂ ಕೈಗೆ ತೆಗೆದುಕೊಂಡ. ಆಗ ಅವನಿಗೆ ಅಪ್ಪ ಹೇಳಿಕೊಟ್ಟ ಮಾತು ನೆನಪಾಯಿತು, ನಿಮಗೂ ನಿಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಗುರುವಿನ ಕೊರಳಿಗೆ ಬಿದ್ದ ಹಾರಕ್ಕೆ ಕತ್ತರಿ ಹಾಕಬಾರದು. ಕೈ ಹಿಂದೆ ಬಂತು. ಹೊಸದೊಂದು ಬಕೆಟ್ ತರಿಸಿ, ಅಡುಗೆಮನೆಯ ಕಸ ಸೋಕದ ಹಾಗೆ ಅರವತ್ತೆರಡು ಹಾರಗಳನ್ನೂ ಅದರಲ್ಲಿ ಇಟ್ಟು, ಮೇಲೆ ಬಾಳೆ ಎಲೆ ಮುಚ್ಚಿ, ಕೈಮುಗಿದು ಗಾಡಿಗೆ ಕೊಟ್ಟ.

ಆ ಹೆಂಗಸು ಎಲೆ ಸರಿಸಿ ನೋಡಿ, ದಾರ ಬಿಡಿಸಿಲ್ಲವಲ್ಲ ಎಂದಳು. ಇದು ಗುರುಗಳ ನಿರ್ಮಾಲ್ಯ, ಕತ್ತರಿ ಹಾಕುವ ಹಾಗಿಲ್ಲ ಎಂದು ಇವನು ಹೇಳಿದ. ಅವಳೂ ಅದೇ ಗುರುವಿಗೆ ನಡೆದುಕೊಳ್ಳುವವಳು. ಒಂದು ಹಾರವನ್ನು ಎತ್ತಿ ಕಣ್ಣಿಗೊತ್ತಿಕೊಂಡಳು, ಸುಮ್ಮನೆ ಗಾಡಿಗೆ ಸುರಿದುಕೊಂಡಳು. ಪಟ್ಟಿಯಲ್ಲಿ ಏನೂ ಬರೆಯದೆ ಹೋದಳು.

ಶೆಡ್ಡಿನಲ್ಲಿ ಕಸ ಚೂರು ಮಾಡುವ ಒಂದು ಯಂತ್ರವಿದೆ. ಹಾರಗಳು ಇಡಿಯಾಗಿ ಅದರೊಳಗೆ ಹೋದವು. ಹೂವು ಪುಡಿಯಾಯಿತು. ದಾರ ಯಂತ್ರದ ಅಚ್ಚಿಗೆ ಸುತ್ತಿಕೊಂಡಿತು. ಅದು ಯಾರಿಗೂ ಕಾಣಲಿಲ್ಲ. ಅದರ ಹಿಂದೆಯೇ, ಪರೀಕ್ಷೆಗೆ ಇಟ್ಟಿದ್ದ ಮಾಗಿದ ಗೊಬ್ಬರವನ್ನು ಹೆಂಟೆ ಒಡೆಯಲು ಅದೇ ಯಂತ್ರಕ್ಕೆ ಹಾಕಿದರು. ಮೂರು ತಿಂಗಳ ರಾಶಿ ಅದು. ಎಲ್ಲ ಹಾಕಿ ಮುಗಿಯುವ ಹೊತ್ತಿಗೆ ಹೊಗೆ ಬಂತು, ಯಂತ್ರ ನಿಂತಿತು. ರಾಶಿಯನ್ನು ನೋಡಿದರೆ ಪೂರ್ತಿ ನೈಲಾನ್ ಚೂರು, ಜರಿಯ ಚೂರು. ಜರಡಿ ಹಿಡಿದರೆ ಜರಡಿಯ ಕಣ್ಣಿನಿಂದಲೂ ಆ ಚೂರುಗಳು ಸಲೀಸಾಗಿ ಇಳಿದುಬಿಡುತ್ತಿದ್ದವು. ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು.

ಅವಳು ಅಚ್ಚಿಗೆ ಸುತ್ತಿದ್ದ ದಾರವನ್ನೆಲ್ಲ ಬಿಡಿಸಿ, ತಲೆಯಷ್ಟು ದೊಡ್ಡ ಉಂಡೆ ಮಾಡಿ, ನೆಟ್ಟಗೆ ತಂದು ಶ್ರೀಮಂತನ ಜಗಲಿಯ ಮೇಲೆ ಇಟ್ಟಳು. ಶ್ರೀಮಂತನಿಗೆ ಸಿಟ್ಟು ನೆತ್ತಿಗೇರಿತು. ಯಾಕೆ? ತನ್ನ ತಪ್ಪಿಗಲ್ಲ. ಗುರುವಿನ ಹಾರವನ್ನು ಯಂತ್ರಕ್ಕೆ ಹಾಕಿ ಹೀಗೆ ಮಾಡಿದಿರಾ ಎಂದು. ಬಾ, ಮಠಕ್ಕೇ ಹೋಗೋಣ, ಗುರುಗಳೇ ತೀರ್ಮಾನ ಮಾಡಲಿ ಎಂದ. ಅವಳು ಹಿಂಜರಿಯಲಿಲ್ಲ. ಉಂಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಎದೆ ತುಂಬಿ ಬರುತ್ತದೆ.

ಸ್ವಾಮಿ ಎಲ್ಲ ಕೇಳಿದ. ನಿಜ ಹೇಳುತ್ತೇನೆ, ಅವನಿಗೂ ಮೊದಲು ಸಿಟ್ಟೇ ಬಂತು. ತನ್ನ ಕೊರಳ ಹಾರಕ್ಕೆ ಇಂಥ ಗತಿಯೇ ಎಂದು. ಆಗ ಅವಳು ಹೇಳಿದಳು.

“ಬುದ್ಧಿ, ಹೂವು ಮಣ್ಣಾಗ್ತಾವೆ, ದಾರ ಮಣ್ಣಾಗಲ್ಲ. ನಿಮ್ ಹಾರ ಅಂತ ನಂಗೂ ಕತ್ತರಿ ಹಾಕಾಕೆ ಕೈ ಬರ್ಲಿಲ್ಲ, ನಂದೂ ತಪ್ಪೈತೆ. ಕತ್ತರಿಸ್ರಿ ಅಂತ ನೀವು ಒಂದ್ ಮಾತು ಅಂದಿದ್ರೆ ಊರೇ ಕತ್ತರಿಸ್ತಿತ್ತು. ನೀವು ಯಾವತ್ತೂ ಹೇಳ್ಲಿಲ್ವಲ್ಲ.”

ಸ್ವಾಮಿ ಆ ದಾರದ ಉಂಡೆಯನ್ನು ಕೈಗೆ ತೆಗೆದುಕೊಂಡ. ಇಪ್ಪತ್ತೇಳು ವರ್ಷ ಊರೂರು ತಿರುಗಿ ಪ್ರವಚನ ಹೇಳಿದವನು. ಆಸೆ ಬಿಡಿ ಎಂದ, ಅಹಂಕಾರ ಬಿಡಿ ಎಂದ. ಹಾರದ ದಾರ ಬಿಡಿಸಿ ಎಂದು ಮಾತ್ರ ಹೇಳಲಿಲ್ಲ. ಅಂಥ ಸ್ವಾಮಿ ಯಾರು? ಆಗಲೇ ಕೆಲವರು ತಲೆ ತಗ್ಗಿಸಿದಿರಿ. ಹೌದು, ನಾನೇ. ಆ ಅರವತ್ತೆರಡು ಹಾರ ನನ್ನವು. ಊರು ನಿಮ್ಮದೇ.

ಆ ಹೆಂಗಸಿಗೂ ಒಂದು ಹೆಸರಿದೆ. ಪಾಲಮ್ಮ. ದಿನಾ ಬಾಗಿಲಿಗೆ ಬರುವವರ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ನನಗೂ ಆವತ್ತೇ ಗೊತ್ತಾದದ್ದು.

ನಾನು ಎದ್ದು ಶೆಡ್ಡಿಗೆ ಹೋದೆ. ಶ್ರೀಮಂತರೂ ಬಂದರು, ಅದೇ ಬಿಳಿ ಪಂಚೆಯಲ್ಲಿ. ಗೋಣಿ ಹಾಸಿ, ಬೊಗಸೆ ಬೊಗಸೆ ಗೊಬ್ಬರ ಹರಡಿ, ಚೂರು ಆರಿಸಲು ಕೂತೆವು. ನಾಲ್ಕು ದಿನ. ಅಕ್ಕಿಯಲ್ಲಿ ಕಲ್ಲು ಆರಿಸುವುದು ಸುಲಭ, ಕಪ್ಪು ಗೊಬ್ಬರದಲ್ಲಿ ಬಿಳಿ ದಾರ ಕಪ್ಪಾಗಿ ಕೂತಿರುತ್ತದೆ. ನಾನು ಬಿಟ್ಟದ್ದನ್ನು ಪಾಲಮ್ಮ ಹಿಂದೆಯೇ ಬಂದು ಆರಿಸುತ್ತಿದ್ದರು. ನಿಮ್ ಕಣ್ಣು ಮಂದ ಆಗೈತೆ ಬುದ್ಧಿ ಎಂದು ಕನ್ನಡಕ ಒರೆಸಿಕೊಳ್ಳಲು ಸೆರಗು ಕೊಟ್ಟರು. ಎರಡನೇ ದಿನ ಶ್ರೀಮಂತರ ಬೆನ್ನು ಹಿಡಿದುಕೊಂಡಿತು, ಗೋಡೆಗೆ ಒರಗಿ ಕೂತರು, ಎದ್ದು ಹೋಗಲಿಲ್ಲ. ಅವರ ಮನೆಯವರು ರೊಟ್ಟಿ ಕಳಿಸಿದರು, ಹತ್ತೂ ಜನ ಒಟ್ಟಿಗೆ ಕೂತು ಉಂಡೆವು.

ಐದನೇ ದಿನ ನಗರಸಭೆಯ ಇಂಜಿನಿಯರಮ್ಮ ಬಂದರು. ರಾಶಿಯ ಐದು ಕಡೆಯಿಂದ ಮುಷ್ಟಿ ಮುಷ್ಟಿ ತೆಗೆದು ಬಿಳಿ ಬಟ್ಟೆಯ ಮೇಲೆ ಹರಡಿದರು. ಬೆರಳಿನಲ್ಲಿ ಕೆದಕಿದರು, ಮತ್ತೆ ಕೆದಕಿದರು. ಏನೂ ಸಿಗಲಿಲ್ಲ. ಇದು ಯಾವ ಯಂತ್ರದಲ್ಲಿ ಮಾಡಿದ್ದು ಎಂದು ಆಕೆ ಕೇಳಿದರು.

“ಇಪ್ಪತ್ತು ಕೈ, ಮೇಡಂ,” ಎಂದರು ಪಾಲಮ್ಮ.

ಶೆಡ್ಡು ಆ ಎಂಟು ಜನರದ್ದಾಯಿತು. ಇವತ್ತು ಈ ಮಠದ ಬಿಲ್ವದ ಗಿಡಗಳಿಗೆ ಬಿದ್ದಿರುವ ಗೊಬ್ಬರ ಅವರದ್ದೇ. ಹೊರಗೆ ಹೋಗುವಾಗ ನಿಂತು ನೋಡಿ, ನಿಮ್ಮ ಮನೆಯ ಸಿಪ್ಪೆ ಅಲ್ಲಿ ಚಿಗುರಿದೆ. ನನಗೆ ಈ ಊರಿನ ಬಗ್ಗೆ ಹೆಮ್ಮೆಯಿದೆ, ಬಾಯಿ ಬಿಟ್ಟು ಹೇಳುತ್ತೇನೆ, ಬಹಳ ಹೆಮ್ಮೆಯಿದೆ.

ಫಲಕ ಏನಾಯಿತು ಎಂದು ಕೇಳುತ್ತೀರಿ. ಎಂಬತ್ತನಾಲ್ಕನೇ ದಿನದ ಜಾಗ ಪಟ್ಟಿಯಲ್ಲಿ ಖಾಲಿ ಇತ್ತಲ್ಲ? ಪರೀಕ್ಷೆ ಮುಗಿದ ಸಂಜೆ ಪಾಲಮ್ಮ ಅಲ್ಲಿ ತಪ್ಪು ಎಂದು ಗುರುತು ಹಾಕಿದರು, ಶ್ರೀಮಂತರ ಎದುರಿಗೇ. ನಾಲ್ಕು ದಿನ ಜೊತೆಯಲ್ಲಿ ಕೂತು ದುಡಿದಿದ್ದಾರಲ್ಲ ತಾಯಿ ಎಂದು ನಾನು ಮೆಲ್ಲಗೆ ವಶೀಲಿ ಮಾಡಿದೆ. ಅವರು ಒಪ್ಪಲಿಲ್ಲ. ಶ್ರೀಮಂತರೂ ಒಪ್ಪಲಿಲ್ಲ, ನನ್ನನ್ನೇ ಗದರಿದರು. ಮರುದಿನದಿಂದ ಒಂದು ಎಂದು ಮತ್ತೆ ಶುರು ಮಾಡಿದರು. ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಯಜಮಾನರೇ, ಇಷ್ಟು ಹೊತ್ತು ಏಕವಚನದಲ್ಲಿ ಕರೆದೆ, ಕ್ಷಮೆ ಇರಲಿ. ಇವತ್ತಿಗೆ ಎಷ್ಟನೇ ದಿನ? ಎಂಬತ್ತೊಂಬತ್ತು. ಕೇಳಿದಿರಾ, ಹೇಳುವಾಗ ಎದೆ ಹೇಗೆ ಉಬ್ಬಿತು. ಉಬ್ಬಲಿ. ಆ ಹೆಮ್ಮೆ ನಿಮಗೂ ಬರಲಿ.

ಹೇಗೆ ಬರುತ್ತದೆ? ಬಕೆಟ್ ಗಲೀಜಾಗುತ್ತದೆ ಎಂದು ಹಸಿ ಕಸವನ್ನು ಕ್ಯಾರಿಬ್ಯಾಗಿನಲ್ಲಿ ಗಂಟು ಕಟ್ಟಿ ಹಾಕುತ್ತೀರಲ್ಲ, ಅದನ್ನು ನಾಳೆಯಿಂದ ನಿಲ್ಲಿಸಿ. ನಿಮ್ಮ ಗಂಟನ್ನು ಇನ್ನೊಬ್ಬರು ಬೆರಳು ಹಾಕಿ ಬಿಚ್ಚಬೇಕು. ಬಕೆಟ್ ಗಲೀಜಾದರೆ ತೊಳೆಯಿರಿ, ಕೈ ಇರುವುದು ಯಾತಕ್ಕೆ? ದೇವರಮನೆಯ ಹೂವನ್ನು ಕವರಿನಲ್ಲಿ ಕಟ್ಟಿ ಕೆರೆಗೆ ಎಸೆದು ಕೈಮುಗಿಯುವವರು ಇಲ್ಲಿ ಬಹಳ ಜನ ಇದ್ದೀರಿ, ಯಾರು ಯಾರು ಎಂದು ನನಗೆ ಗೊತ್ತು. ದಾರ, ಜರಿ, ಪಿನ್ನು ತೆಗೆಯಿರಿ, ಹೂವನ್ನು ಹಸಿರು ಬಕೆಟ್ಟಿಗೆ ಹಾಕಿ. ಎಂಜಲಿನ ಜೊತೆ ಹೇಗೆ ಹಾಕುವುದು ಸ್ವಾಮಿ ಎನ್ನುತ್ತೀರಿ. ಗಿಡದ ಬೇರಿಗೆ ಎರಡೂ ಊಟವೇ. ಮತ್ತೆ ನನಗೆ ಹಾರ ತರಬೇಡಿ. ತರಲೇಬೇಕು ಎನಿಸಿದರೆ ಒಂದು ಬೊಗಸೆ ಬಿಡಿ ಹೂವು ತನ್ನಿ, ಇಲ್ಲವೇ ಬಾಳೆನಾರಿನಲ್ಲಿ ಕಟ್ಟಿ ತನ್ನಿ. ಅದಕ್ಕೆ ಕೊರಳು ಕೊಡುತ್ತೇನೆ.

ಈಗ ಯಾರಾದರೂ ಒಳಗಿನಿಂದ ಒಂದು ಕತ್ತರಿ ತನ್ನಿ. ಯಜಮಾನರೇ, ಆ ಹಸಿರು ಬಕೆಟ್ ನೀವು ಹಿಡಿಯಿರಿ. ಪಾಲಮ್ಮನವರು ಎಲ್ಲಿ? ಅಲ್ಲಿ ಕಂಬದ ಹಿಂದೆ ಯಾಕೆ ಕೂತಿರಿ ತಾಯಿ, ಮೇಲೆ ಬನ್ನಿ. ಹಾರದ ಈ ತುದಿ ನೀವು ಹಿಡಿದುಕೊಳ್ಳಿ. ಇದು ಇನ್ನೂ ನನ್ನ ಕೊರಳಿಗೆ ಬಿದ್ದಿಲ್ಲ, ಅದಕ್ಕೇ ಕತ್ತರಿಸುತ್ತಿದ್ದಾರೆ ಎಂದು ಯಾರೂ ಅಂದುಕೊಳ್ಳಬಾರದು. ಇಗೋ, ಹಾಕಿಕೊಂಡೆ. ಎಲ್ಲರೂ ನೋಡಿದಿರಾ? ಈಗ ತೆಗೆದೆ. ಈಗ ಕತ್ತರಿಸುತ್ತಿದ್ದೇನೆ. ಹೂವು ಬಕೆಟ್ಟಿಗೆ, ದಾರ ಇತ್ತ ಕಡೆಗೆ.

ಹೇಳಿದ್ದೇನೆ, ಮಾಡಿಯೂ ತೋರಿಸಿದ್ದೇನೆ. ನಾಳೆ ಬೆಳಿಗ್ಗೆ ಗಾಡಿ ಬಾಗಿಲಿಗೆ ಬಂದಾಗ, ಸ್ವಾಮಿಗಳು ಯಾವತ್ತೂ ಹೇಳಲಿಲ್ಲ ಎಂದು ನಿಮ್ಮಲ್ಲಿ ಯಾರೂ ಹೇಳುವ ಹಾಗಿಲ್ಲ.