ಪಂಪ್‌ಮನೆಯ ಎರಡು ಪಿನ್ನು

ಇದು ಊರ ಮಾತಲ್ಲ. ನನ್ನ ಸೋದರತ್ತೆ ಮಗಳಿಗೆ ಆಗಿದ್ದು. ಬೋರ್ಡ್ ರಿಪೇರಿ ಅವಳ ಕಸುಬು.

ಅವತ್ತು ರಾತ್ರಿ ಗಂಡನ ಜೊತೆ ಬಾವಿ ಪಕ್ಕ ಹಾದು ಮನೆಗೆ ಹೋಗ್ತಿದ್ಲು. ಅಲ್ಲಿನ ಪಂಪ್‌ಮನೆ ಕಾವಲುಗಾರ ಅಡ್ಡ ಬಂದ. "ಅಕ್ಕಾ, ಪಂಪು ಕೈ ಕೊಟ್ಟಿದೆ. ಇಡೀ ಬೀದಿಗೆ ನೀರಿಲ್ಲ."

ಆ ಪಂಪನ್ನ ನಡೆಸೋದು ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು. ಕೂರಿಸಿದ್ದು ಹಳೇ ಮೇಸ್ತ್ರಿ. ಸಾಯೋ ತನಕ ಇವಳನ್ನ ಕಂಡ್ರೆ ಉರಿದು ಬೀಳ್ತಿದ್ದ. "ನನ್ನ ಬೋರ್ಡ್ ಮುಟ್ಟಿ ನೋಡು... ನಿನ್ನ ಮನೆ ದೀಪ ಆರಿಸ್ತೀನಿ."

ಪೈಪಿನ ಬಾಯಿಗೆ ಸಿಕ್ಕ ಕಸ ತೆಗೆಯೋಕೆ ಗಂಡ ಬಾವಿಗಿಳಿದ. ಇವಳು ಮೋಟರಿನ ಸ್ವಿಚ್ ಕೆಳಗೆಳೆದು, ಬೋರ್ಡನ್ನ ಬ್ಯಾಟರಿಗೆ ಹಾಕಿದಳು. ಅದರಲ್ಲಿ ಎರಡು ಪಿನ್ನು. ಎರಡಕ್ಕೂ ಸೇರಿಸಿ ಪುಟಾಣಿ ಟೋಪಿ ತೊಡಿಸಿದ್ರೆ, ಬೋರ್ಡ್ ಏಳುವಾಗ ಇವಳು ಹಾಕಿದ ಹೊಸ ಮೆಮೊರಿ ಕಾರ್ಡಿನ ಪ್ರೋಗ್ರಾಮ್ ಓದತ್ತೆ. ಅದು ಹೇಳೋ ತನಕ ಮೋಟರ್ ಓಡಿಸಲ್ಲ. ಟೋಪಿ ಇಲ್ಲಾಂದ್ರೆ ಮೇಸ್ತ್ರಿಯ ಹಳೇ ಪ್ರೋಗ್ರಾಮ್. ಅದು ಎದ್ದ ತಕ್ಷಣ, ಹಿಂದೆಮುಂದೆ ನೋಡದೆ ಮೋಟರ್ ಓಡಿಸತ್ತೆ.

ಟೋಪಿ ತೊಡಿಸಿದಳು. ಟಿಕ್. ಎಗರಿ ಮೇಜಿನ ಮೇಲೆ ಬಿತ್ತು.

ಮತ್ತೆ ಒತ್ತಿದಳು. ಟಿಕ್.

ಬೆನ್ನ ಹಿಂದೆ ಗೊರಗೊರ ಉಸಿರು... "ಕೈ ತೆಗಿ."

ತಿರುಗಿದಳು. ಯಾರೂ ಇಲ್ಲ.

ಧಡ್! ಸ್ವಿಚ್ ತಾನಾಗೇ ಮೇಲೆ ಹೋಯ್ತು. ಗುಂಯ್ಯ್... ಮೋಟರ್ ಶುರುವಾಯ್ತು.

"ನಿಲ್ಸೇ! ಕೈ ಒಳಗೆಳೀತಿದೆ!" ಬಾವಿಯಿಂದ ಗಂಡನ ಕೂಗು.

ಸ್ವಿಚ್ಚಿಗೆ ಜೋತುಬಿದ್ದಳು. ಕಲ್ಲು! ಮಿಸುಕಲಿಲ್ಲ. ಬೋರ್ಡಿನ ತಂತಿ ಕಿತ್ರೂ ಮೋಟರ್ ನಿಲ್ಲಲ್ಲ, ಹಾಗೆ ಕಟ್ಟಿದ್ದ ಪುಣ್ಯಾತ್ಮ ಮೇಸ್ತ್ರಿ. ಉಳಿದಿದ್ದು ಆ ಎರಡು ಪಿನ್ನು.

ಹೆದರಿಕೆಗಿಂತ ಅವಳಿಗೆ ಸಿಟ್ಟು ನೆತ್ತಿಗೇರಿತು. "ಬದುಕಿದ್ದಾಗ್ಲೂ ಅಡ್ಡಗಾಲು, ಸತ್ತ ಮೇಲೂ ಅಡ್ಡಗಾಲಾ?"

ಸಡಿಲ ತಂತಿಗೆ ಅಂತ ಕಾಯಿಸಿಟ್ಟಿದ್ದ ಬೆಸುಗೆ ಕಡ್ಡಿ ಎತ್ತಿಕೊಂಡಳು. ಕಿವಿಯ ಪಕ್ಕದಲ್ಲೇ ಯಾರೋ ಹಲ್ಲು ಕಡೀತಿದ್ರು... ಕಟಕಟ, ಕಟಕಟ. ಎರಡೂ ಪಿನ್ನಿಗೆ ಸೇರಿಸಿ ಸೀಸ ಕರಗಿಸಿದಳು. ಚುಯ್... ರೀಸೆಟ್ ಒತ್ತಿದಳು.

ಬೋರ್ಡ್ ಆರಿತು. ಎದ್ದಿತು. ಮೋಟರ್ ನಿಂತಿತು.

ಗಂಡ ಮೇಲೆ ಬಂದ. ಮೊಣಕೈ ತನಕ ಚರ್ಮ ಸುಲಿದಿತ್ತು. ಪಿಸುಗುಟ್ಟಿದ: "ಯಾರೇ ಅದು... ಅಷ್ಟು ಹೊಲಸಾಗಿ ಬೈತಿದ್ದೋನು?"

"ಮಾತಾಡ್ಬೇಡ. ನಡಿ."

ಇವತ್ತಿಗೂ ನೀರು ಬರ್ತಿದೆ. ನೀವು ನಂಬಿ, ಬಿಡಿ... ನಾನೇ ಹೋಗಿ ಭೂತಗನ್ನಡಿ ಇಟ್ಟು ನೋಡಿದೀನಿ. ಆ ಸೀಸದ ಬೊಟ್ಟಿನ ಮೇಲೆ ಉಗುರಿನ ಗೀರಿದೆ. ಮೊದಲು ನೋಡಿದಾಗ ಒಂದೇ ಇತ್ತು.

ಹೋದ ವಾರ ನಾಲ್ಕಿದ್ವು.